ಡಿ ಡ್ರೈವಿನಲ್ಲಿದ್ದ ರಾಜ

ಇದನ್ನು ಹೇಳುವುದನ್ನು ನಾನು ಬೇಕೆಂದೇ ಮುಂದಕ್ಕೆ ಹಾಕುತ್ತ ಬಂದೆ. ನಾಟಿ ಮುಗಿಯಲಿ ಅಂದುಕೊಂಡೆ. ಒಕ್ಕಣೆ ಆಗಲಿ ಅಂದುಕೊಂಡೆ. ಹಬ್ಬ ಕಳೆಯಲಿ, ಮೊಣಕಾಲು ನೋವು ಇಳಿಯಲಿ, ಯಾರಾದರೂ ಕೇಳಲಿ, ಆಗ ಹೇಳಿದರಾಯಿತು ಅಂದುಕೊಂಡೆ. ಊರಿನಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದ ಒಬ್ಬರು ಮಣ್ಣು ಸೇರಿದರು. ಈಗಲೂ ಧೈರ್ಯ ಬಂದು ಹೇಳುತ್ತಿಲ್ಲ. ನಮ್ಮೂರಿನಲ್ಲಿ ನನ್ನ ಬಗ್ಗೆ ಒಂದು ಮಾತು ಓಡಾಡುತ್ತಿದೆ: "ಪಾಪ, ವಯಸ್ಸಾದೋರು, ಗೊತ್ತಿಲ್ದೆ ಮಾಡ್ಬುಟ್ರು." ಆ ಮಾತು ಹೊತ್ತುಕೊಂಡು ಸಾಯಲು ನನಗೆ ಹೇಸಿಗೆಯಾಗುತ್ತಿದೆ. ಅಷ್ಟೇ.

ನಮ್ಮೂರು ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ, ಭಾರತೀನಗರಕ್ಕೆ ಈಚೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ನಾಲೆಯ ಮೇಲೆ ನೀರುಗಂಟಿಯಾಗಿ ಕೆಲಸ ಮಾಡಿ ನಿವೃತ್ತನಾದವನು. ಯಾವ ತೂಬು ಯಾವತ್ತು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎನ್ನುವುದು ನನ್ನ ಕೈಯಲ್ಲಿತ್ತು. ಹಾಗಾಗಿ ಜನ ನನ್ನ ಮುಂದೆ ಸ್ವಲ್ಪ ತಗ್ಗಿಯೇ ಮಾತಾಡುತ್ತಿದ್ದರು. ಅದು ನೀರಿಗೆ ಕೊಟ್ಟ ಮರ್ಯಾದೆ ಎಂದು ತಿಳಿಯಲು ನನಗೆ ನಿವೃತ್ತಿಯಾಗಬೇಕಾಯಿತು.

ನೀರು ಬಿಟ್ಟರೆ ನನಗಿದ್ದ ಇನ್ನೊಂದು ಹೆಮ್ಮೆ ನಾಟಕ. ನಮ್ಮ ಕಡೆ ಪೌರಾಣಿಕ ನಾಟಕ ಆಡುವವರು ರೈತರು, ಬಸ್ಸಿನ ಕಂಡಕ್ಟರುಗಳು, ಹಾಲಿನ ಡೈರಿಯಲ್ಲಿ ಕೆಲಸ ಮಾಡುವವರು. ಹಗಲು ಗದ್ದೆಯಲ್ಲಿ ಗುದ್ದಲಿ ಹಿಡಿದವನು ಸಂಜೆ ಗದೆ ಹಿಡಿಯುತ್ತಾನೆ. ನಮ್ಮೂರ ನಾಟಕದಲ್ಲಿ ಗದೆ ಹಿಡಿಯುವ ರಾಜನ ಪಾತ್ರ ನನ್ನದು. ಮೀಸೆ ಕಪ್ಪಗಿದ್ದಾಗ ಹಿಡಿದ ಪಾತ್ರವನ್ನು ಮೀಸೆಗೆ ಬಣ್ಣ ಹಚ್ಚುವ ಕಾಲಕ್ಕೂ ಬಿಟ್ಟಿರಲಿಲ್ಲ.

ಕಲಿಸುತ್ತಿದ್ದವರು ಹಾರ್ಮೋನಿಯಂ ಮೇಷ್ಟ್ರು. ನಮ್ಮೂರಿನವರೇ, ಕೆಳಗಿನ ಕೇರಿಯವರು. ಹಲಗೂರು, ಮಳವಳ್ಳಿ ಕಡೆಯ ಎಷ್ಟೋ ಹಳ್ಳಿಗಳಿಗೆ ಅವರೇ ಮೇಷ್ಟ್ರು. ಶಾಲೆಗೆ ಹೆಚ್ಚು ಹೋದವರಲ್ಲ. ಆದರೆ ಒಂದೊಂದು ಪಾತ್ರದ ಕಂದಪದ್ಯಗಳು, ಅವುಗಳ ಮಟ್ಟು, ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಎಲ್ಲಿ ಗದೆ ಹೆಗಲಿಗೆ ಏರಬೇಕು, ಎಲ್ಲ ಅವರ ತಲೆಯಲ್ಲಿತ್ತು. ಪುಸ್ತಕದಲ್ಲಿ ಸಿಗುವುದು ಬರೀ ಮಾತು. ಮಟ್ಟು ಸಿಗುತ್ತಿದ್ದುದು ಅವರ ಬಾಯಲ್ಲಿ.

ರಂಗದ ಮೇಲೆ ಹೋಗುವ ಮುಂಚೆ ಪಾತ್ರಧಾರಿ ಮೇಷ್ಟ್ರ ಕಾಲಿಗೆ ನಮಸ್ಕಾರ ಮಾಡುವುದು ಪದ್ಧತಿ. ನಮ್ಮೂರಿನಲ್ಲಿ ನಾವು ಮೇಲಿನ ಬೀದಿಯವರು ಅದನ್ನು ಬೇರೆ ಥರ ಮಾಡುತ್ತಿದ್ದೆವು. ಹಾರ್ಮೋನಿಯಂ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದೆವು. ವಿದ್ಯೆಗೆ ನಮಸ್ಕಾರ, ಆಳಿಗೆ ಯಾಕೆ ಎನ್ನುವುದು ನಮ್ಮ ಸಮಾಧಾನ. ನಾವು ಹತ್ತಿರ ಬರುವುದು ಕಂಡ ಕೂಡಲೇ ಮೇಷ್ಟ್ರೇ ಪೆಟ್ಟಿಗೆಯನ್ನು ಒಂದು ಗೇಣು ಮುಂದಕ್ಕೆ ತಳ್ಳಿ, ಕಾಲನ್ನು ಪಂಚೆಯೊಳಗೆ ಎಳೆದುಕೊಳ್ಳುತ್ತಿದ್ದರು. ನಮಗೆ ತೊಂದರೆಯಾಗದಿರಲಿ ಎಂದು. ಎಷ್ಟು ವರ್ಷ ಹಾಗೆ ತಳ್ಳಿದರೋ. ಒಂದು ಸಲವೂ ನನಗೆ ಅದು ಕಣ್ಣಿಗೆ ಬೀಳಲಿಲ್ಲ.

ಒಂದು ವರ್ಷ ಮೇಷ್ಟ್ರಿಗೆ ಗಂಟಲು ಕೆಟ್ಟಿತು. ಮಂಡ್ಯದ ಡಾಕ್ಟರು ಗಂಟಲಲ್ಲಿ ಗಂಟಿದೆ, ತೆಗೆಯಬೇಕು, ತೆಗೆದ ಮೇಲೆ ಮಾತು ಬರುತ್ತದೆ, ಹಾಡು ಬರುತ್ತದೋ ಇಲ್ಲವೋ ಹೇಳಲಾಗದು ಅಂದರಂತೆ. ಆಪರೇಷನ್ನಿಗೆ ಮುಂಚೆ ಎಲ್ಲ ಪಾತ್ರಗಳ ಮಟ್ಟನ್ನೂ ಎಲ್ಲಾದರೂ ತುಂಬಿಡಬೇಕು ಎಂದು ಅವರು ನನ್ನ ಹತ್ತಿರ ಬಂದು ಹೇಳಿದರು. ನನ್ನ ಹತ್ತಿರವೇ ಬಂದದ್ದು ಯಾಕೆಂದರೆ, ನಮ್ಮ ತಂಡದಲ್ಲಿ ಇಂಗ್ಲಿಷು ಓದಬಲ್ಲವನು, ಬಿಡುವಿರುವವನು ನಾನೊಬ್ಬನೇ. ನನಗೂ ಉಬ್ಬು ಬಂತು. ಮಂಡ್ಯದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಳೆಯ ಲ್ಯಾಪ್‌ಟಾಪು ಮಾರುವ ಒಂದು ಅಂಗಡಿಯಿತ್ತು. ಅಲ್ಲಿಂದ ಒಂದನ್ನು ತಂದೆ. ಮುಚ್ಚಳದ ಮೇಲೆ ಯಾವುದೋ ಕಚೇರಿಯ ಸ್ಟಿಕ್ಕರು ಕಿತ್ತ ಗುರುತು ಹಾಗೇ ಇತ್ತು. ನಾನು ಅದನ್ನು ಬಗಲಿಗೆ ಹಾಕಿಕೊಂಡು ಬಸ್ಸಿಳಿದಾಗ ಅರಳಿಕಟ್ಟೆಯ ಮೇಲಿದ್ದವರೊಬ್ಬರು, "ನೀರುಗಂಟಿ ಲ್ಯಾಪ್‌ಟಾಪು ತಂದವ್ನೆ ಕಣ್ಲಾ, ಇನ್ಮೇಲೆ ತೂಬು ಅದ್ರಲ್ಲೇ ಎತ್ತಾನೆ," ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಂಗಡಿಯವನು ಕೊಡುವಾಗಲೇ ತೋರಿಸಿದ್ದ. ಇದರ ಹಾರ್ಡ್ ಡಿಸ್ಕಿನಲ್ಲಿ ಎರಡು ಭಾಗ. ಸಿ ಎನ್ನುವುದು ಚಿಕ್ಕದು, ಅದರಲ್ಲಿ ಯಂತ್ರ ಓಡುವುದಕ್ಕೆ ಬೇಕಾದ್ದು ಇರುತ್ತದೆ. ಡಿ ಎನ್ನುವುದು ದೊಡ್ಡದು, ನಿಮ್ಮ ಸಾಮಾನೆಲ್ಲ ಅದರಲ್ಲಿ ಇಟ್ಟುಕೊಳ್ಳಿ. ನನಗೆ ತಕ್ಷಣ ಅರ್ಥವಾಯಿತು. ಒಂದೇ ಹೊಲ, ನಡುವೆ ಒಂದು ಬದು.

ಹಾಡು ತುಂಬುವುದಕ್ಕೆ ನಿಶ್ಶಬ್ದದ ಜಾಗ ಬೇಕಿತ್ತು. ನಮ್ಮ ಮನೆಯ ನಡುಮನೆ ಸಾಕಷ್ಟು ದೊಡ್ಡದು, ದಪ್ಪ ಗೋಡೆ, ಬೀದಿಯ ಸದ್ದು ಕೇಳುವುದಿಲ್ಲ. ಆದರೆ ನಾನು, ಮನೆಯಲ್ಲಿ ಮಿಕ್ಸಿ ಸದ್ದು, ಮೊಮ್ಮಕ್ಕಳ ಗಲಾಟೆ, ನಮ್ಮ ಗದ್ದೆಯ ಪಂಪ್‌ಸೆಟ್ ಮನೆಯೇ ವಾಸಿ ಅಂದೆ. ಮೇಷ್ಟ್ರು ಒಂದು ಗಳಿಗೆ ನನ್ನ ಮುಖ ನೋಡಿ, "ಅಲ್ಲಿ ಮೋಟ್ರು ಇರ್ತದಲ್ಲ ಗೌಡ್ರೇ," ಅಂದರು. ಮೂರು ಫೇಸ್ ಕರೆಂಟು ಹೋದಾಗ ಹಾಡಿದರಾಯಿತು ಅಂದೆ. ಹಾಗೇ ಆಯಿತು. ಜಗತ್ತಿನಲ್ಲಿ ಕರೆಂಟು ಹೋಗಲಿ ಎಂದು ಕಾದು ಕುಳಿತು ಹಾಡು ತುಂಬಿಸಿದವರು ನಾವೇ ಇರಬೇಕು. ಮೋಟರು ನಿಂತ ಕೂಡಲೇ ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಹಾರ್ಮೋನಿಯಂ ತಿದಿ ಎಳೆಯುತ್ತಿದ್ದರು. ಲ್ಯಾಪ್‌ಟಾಪಿನ ಬ್ಯಾಟರಿ ಮುದಿಯಾಗಿತ್ತು. ಒಂದೆರಡು ಪದ್ಯ ಮುಗಿಯುವಷ್ಟರಲ್ಲಿ ಅದೂ ಕೆಮ್ಮುತ್ತಿತ್ತು.

ನಾನು ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದೆ. ಜೊತೆಗೆ ಪೇಪರ್ ಲೋಟದ ಕಟ್ಟು. ಮೇಷ್ಟ್ರಿಗೊಬ್ಬರಿಗೆ ಪೇಪರ್ ಲೋಟ ಕೊಟ್ಟರೆ ಕಾಣುತ್ತದೆ ಎಂದು ನಾನೂ ಪೇಪರ್ ಲೋಟದಲ್ಲೇ ಕುಡಿಯುತ್ತಿದ್ದೆ. ಇದು ನನ್ನ ದೊಡ್ಡತನ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಒಂದು ದಿನ ಮೇಷ್ಟ್ರು ಲೋಟವನ್ನು ಕೈಯಲ್ಲಿ ತಿರುಗಿಸಿ, "ಒಳ್ಳೆ ಕಾಲ ಬಂತು ಬುಡಿ ಗೌಡ್ರೇ, ತೊಳ್ಯೋ ಹಂಗೂ ಇಲ್ಲ, ಎತ್ತಿಡೋ ಹಂಗೂ ಇಲ್ಲ," ಅಂದು ನಕ್ಕರು. ನಾನು ಮೈಕಿನ ವಯರು ಹುಡುಕುವವನಂತೆ ಬಗ್ಗಿದೆ.

ಪಾತ್ರಗಳನ್ನು ಒಂದೊಂದಾಗಿ ತುಂಬಿದೆವು. ಮೇಷ್ಟ್ರು ಒಂದು ಸಾಲು ಹಾಡುವುದು, ಆ ಪಾತ್ರದವನು ಬಂದು ಅದನ್ನು ಪೂರ್ತಿ ಹಾಡುವುದು. ರಾಜನ ಪಾತ್ರದ ಸರದಿ ಬಂದ ದಿನ ನಾನು ಹಿಂದಿನ ದಿನದಿಂದಲೇ ಮಜ್ಜಿಗೆ ಬಿಟ್ಟಿದ್ದೆ. ಮೇಷ್ಟ್ರು ಶ್ರುತಿ ಕೊಟ್ಟರು. ನಾನು ಎತ್ತಿದೆ. ಮೇಲಿನ ಮನೆಗೆ, ಅಂದರೆ ಮೇಲಿನ ಸ್ವರಕ್ಕೆ, ಹೋಗುವಲ್ಲಿ ದನಿ ಒಡೆಯಿತು. ಮತ್ತೆ ಎತ್ತಿದೆ, ಮತ್ತೆ ಒಡೆಯಿತು. ಅವರು ತಿದಿಯ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ಸುತಿ ನಿಲ್ತಿಲ್ಲ ಗೌಡ್ರೇ. ದನಿ ದಣ್ದದೆ. ಈ ಸತಿ ತಾತನ ಪಾತ್ರ ಮಾಡಿ. ಬಿಳಿ ಗಡ್ಡ ಕಟ್ಕಂಡು ಕುಂತೇ ಮಾತಾಡಬೋದು."

ನಗುತ್ತಲೇ ಅಂದರು. ನಾನೂ ನಕ್ಕೆ ಅಂತಲೇ ನೆನಪು. ಹಾಗಾದರೆ ರಾಜ ಯಾರು ಎಂದು ಕೇಳಿದೆ. ಅವರು ಹೊರಗೆ ನೋಡಿ ಕೈ ಸನ್ನೆ ಮಾಡಿದರು. ಬದುವಿನ ಮೇಲೆ, ಹೊಂಗೆ ಮರದ ಕೆಳಗೆ, ಕೆಳಗಿನ ಕೇರಿಯ ಒಬ್ಬ ಆಳು ಕೂತಿದ್ದ. ನಲವತ್ತರ ಆಸುಪಾಸು, ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರಾಕ್ಟರಿನ ಡ್ರೈವರು. ಅವನಿಗೆ ಮೇಷ್ಟ್ರು ಎಷ್ಟೋ ತಿಂಗಳಿಂದ ತಮ್ಮ ಮನೆಯಲ್ಲೇ ರಾಜನ ಪಾತ್ರ ಕಲಿಸಿದ್ದರು. ನನಗೆ ಗೊತ್ತಿರಲಿಲ್ಲ.

ಅವನು ಒಳಗೆ ಬಂದು ಚಪ್ಪಲಿ ಹೊರಗೆ ಬಿಟ್ಟು, ಮೊದಲು ಬಗ್ಗಿ ಮೇಷ್ಟ್ರ ಎರಡೂ ಪಾದ ಮುಟ್ಟಿದ. ಆಮೇಲೆ ಮೈಕಿನ ಮುಂದೆ ನಿಂತ. ಹೆಡ್‌ಫೋನು ನನ್ನ ಕಿವಿಯಲ್ಲಿತ್ತು. ನಾನು ಅರ್ಧ ಆಯುಷ್ಯ ಹಾಡಿದ ಪದ್ಯ ಅದು. ಅವನು ಹಾಡುವವರೆಗೂ ಆ ಪದ್ಯದೊಳಗೆ ಅಳು ಇದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಬರೀ ಅಬ್ಬರಿಸುತ್ತಿದ್ದೆ. ಅವನು ಮೇಲಿನ ಮನೆಗೆ ಏರಿ ಅಲ್ಲೇ ನಿಂತ, ಇಳಿಯುವ ಅವಸರವಿಲ್ಲದೆ. ಸೋತ ರಾಜನೊಬ್ಬ ನನ್ನ ಪಂಪ್‌ಸೆಟ್ ಮನೆಯಲ್ಲಿ ನಿಂತಿದ್ದ. ಮೇಷ್ಟ್ರ ಕಣ್ಣಲ್ಲಿ ನೀರಿತ್ತು. ನನ್ನ ಹೊಟ್ಟೆಯಲ್ಲಿ ಏನಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಅವನು ಹೋದ ಮೇಲೆ ಮೇಷ್ಟ್ರು ನನ್ನನ್ನು ನಂಬಿ ತಮ್ಮ ಉಪಾಯ ಹೇಳಿದರು. ನಮ್ಮೂರ ನಾಟಕದಲ್ಲಿ ಕೆಳಗಿನ ಕೇರಿಯವರಿಗೆ ರಾಜನ ಪಾತ್ರ ಎಂದೂ ಕೊಟ್ಟದ್ದಿಲ್ಲ. ಆಳು, ದೂತ, ಹೆಚ್ಚೆಂದರೆ ಸೈನಿಕ. ಸೋಮವಾರ ಪಾತ್ರ ಹಂಚುವ ಸಭೆ ಇತ್ತು. ಅಲ್ಲಿ ಇವನ ಹೆಸರು ಎತ್ತಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಮೊದ್ಲು ದನಿ ಕೇಳ್ಸಾಣ ಗೌಡ್ರೇ. ಚೆನ್ನಾಗದೆ ಅಂತ ಅವ್ರ ಬಾಯಲ್ಲೇ ಬರ್ಲಿ. ಆಮೇಕೆ ಯಾರು ಅಂತ ಯೋಳಾಣ. ತಿನ್ನೋದ ತಿಂದು ಆದ್ಮೇಲೆ ಉಗುಳಕ್ಕಾಯ್ತದಾ?" ಅಂದರು. ಲ್ಯಾಪ್‌ಟಾಪು ಹಿಡಿದುಕೊಂಡು ಸಭೆಗೆ ಬರಬೇಕಾದವನು, ಗುಂಡಿ ಒತ್ತಬೇಕಾದವನು ನಾನು. ನನ್ನ ಪಾತ್ರವನ್ನು ನನ್ನ ಕೈಯಿಂದಲೇ ಇಳಿಸಿಕೊಡಬೇಕಿತ್ತು. ಆಗಲಿ ಮೇಷ್ಟ್ರೇ ಅಂದೆ.

ಅದೇ ವಾರ ಲ್ಯಾಪ್‌ಟಾಪು ತಡವರಿಸತೊಡಗಿತು. ಸಿ ಭಾಗ ಪೂರ್ತಿ ತುಂಬಿ ಕೆಂಪು ಪಟ್ಟಿ ತೋರಿಸುತ್ತಿತ್ತು. ಒಂದು ಫೈಲು ತೆರೆಯಲು ಹೋದರೆ ಎತ್ತು ಗಾಡಿಯಂತೆ ನಿಂತುಬಿಡುತ್ತಿತ್ತು. ಅಂಗಡಿಯವನಿಗೆ ಫೋನು ಮಾಡಿದೆ. ಅವನು ತಾಳ್ಮೆಯಿಂದ ಹೇಳಿದ. ಡಿ ಭಾಗವನ್ನು ಸಿ ಜೊತೆ ಸೇರಿಸಿ ಒಂದೇ ಮಾಡಿಕೊಳ್ಳಿ, ಸರಿಹೋಗುತ್ತದೆ. ಆದರೆ ಸಿ ಬೆಳೆಯುವುದು ಪಕ್ಕದ ಜಾಗ ಖಾಲಿಯಾಗಿದ್ದರೆ ಮಾತ್ರ. ಅದಕ್ಕೆ ಮೊದಲು ಡಿ ಭಾಗವನ್ನೇ ಅಳಿಸಬೇಕು. ಅಳಿಸಿದರೆ ಅದರಲ್ಲಿರುವುದೆಲ್ಲ ಹೋಗುತ್ತದೆ. ಹಾಗಾಗಿ ಮೊದಲು ಎಲ್ಲವನ್ನೂ ಪೆನ್ ಡ್ರೈವಿಗೆ ತುಂಬಿಕೊಳ್ಳಿ. ಇದನ್ನು ಅವನು ಎರಡು ಸಲ ಹೇಳಿದ. ಮರೆಯಬೇಡಿ ಸರ್ ಅಂತಲೂ ಅಂದ.

ಮಧ್ಯಾಹ್ನ ಊಟವಾದ ಮೇಲೆ ಕೂತೆ. ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಪೆನ್ ಡ್ರೈವು ಸಿಕ್ಕಿಸಿದೆ. ಡಿ ಭಾಗದಲ್ಲಿ ನನ್ನವೂ ಇದ್ದವು: ಮಗಳ ಮದುವೆಯ ಫೋಟೋಗಳು, ಜಮೀನಿನ ಕಾಗದದ ನಕಲುಗಳು, ನಾನು ರಾಜನಾಗಿ ಆಡಿದ್ದ ಒಂದು ಹಳೆಯ ನಾಟಕದ ವಿಡಿಯೊ. ಅವನ್ನೆಲ್ಲ ಪೆನ್ ಡ್ರೈವಿಗೆ ತುಂಬಿದೆ. ಆಮೇಲೆ ಮೇಷ್ಟ್ರ ಹಾಡುಗಳಿದ್ದ ಕಡೆಗೆ ಬಂದೆ. ಪೆನ್ ಡ್ರೈವಿನಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು. ಆ ಡ್ರೈವರನ ಪದ್ಯವನ್ನು ಇನ್ನೊಂದು ಸಲ ಹಾಕಿ ಕೇಳಿದೆ. ಅವನ ದನಿಯ ಹಿಂದೆ ಪಂಪ್‌ಸೆಟ್ ಮನೆಯ ಹೊರಗಿನ ಗುಬ್ಬಿಗಳು ಕೇಳುತ್ತಿದ್ದವು. ಕೆಟ್ಟದ್ದೇನಾದರೂ ಸಿಗುತ್ತದೇನೋ ಎಂದು ಹುಡುಕುತ್ತ ಕೇಳಿದೆ. ಏನೂ ಸಿಗಲಿಲ್ಲ.

ಪೆನ್ ಡ್ರೈವು ಕಿತ್ತು ಜೇಬಿಗೆ ಹಾಕಿಕೊಂಡೆ. ಡಿ ಭಾಗದ ಮೇಲೆ ಒತ್ತಿ ಅಳಿಸುವ ಸಾಲಿಗೆ ಹೋದೆ. ಪರದೆಯ ಮೇಲೆ ಒಂದು ಚೌಕ ಎದ್ದಿತು. ಇದರಲ್ಲಿರುವುದೆಲ್ಲ ನಾಶವಾಗುತ್ತದೆ, ಬೇಕಾದದ್ದನ್ನು ಮೊದಲು ಬೇರೆಡೆ ಇಟ್ಟುಕೊಳ್ಳಿ, ಮುಂದುವರಿಯಬೇಕೇ? ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷು ಅಷ್ಟಕ್ಕೆ ಸಾಕಿತ್ತು. ಓದಿದೆ. ಅರ್ಥವಾಯಿತು. ಹೂಂ ಎಂದು ಒತ್ತಿದೆ.

ಡಿ ಇದ್ದ ಜಾಗ ಕರಿ ಪಟ್ಟಿಯಾಯಿತು. ಆಮೇಲೆ ಸಿ ಮೇಲೆ ಒತ್ತಿ ಅದನ್ನು ಹಿಗ್ಗಿಸಿದೆ. ಒಂದೇ ನೀಲಿ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ. ಲ್ಯಾಪ್‌ಟಾಪು ಹೊಸದರಂತೆ ಓಡತೊಡಗಿತು. ಕಾಫಿ ತರಲು ಕೂಗಿದೆ.

ಸಂಜೆ ಮೇಷ್ಟ್ರ ಮನೆಯ ಕಡೆ ಹೋಗಿ ಕೇರಿಯ ಬಾಯಲ್ಲಿ ನಿಂತು ಕರೆಸಿದೆ. ಎಲ್ಲ ಹೋಯಿತು ಮೇಷ್ಟ್ರೇ ಅಂದೆ. ಗದ್ದೆಯ ಬದು ಒಡೆದರೆ ಎರಡು ಗದ್ದೆ ಸೇರಿ ಒಂದಾಗುತ್ತಲ್ಲ, ಇದೂ ಹಾಗೇ ಅಂದುಕೊಂಡೆ, ಒಳಗಿದ್ದದ್ದು ಕೊಚ್ಚಿಹೋಯಿತು ಅಂದೆ. ಈ ಮಾತನ್ನು ದಾರಿಯಲ್ಲೇ ಕಟ್ಟಿಕೊಂಡು ಹೋಗಿದ್ದೆ. ಯಾರು ಬೇಕಾದರೂ ನಂಬುವ ಮಾತು. ಆದರೆ ನಾನು ನೀರುಗಂಟಿ. ನೀರು ನಿಂತಿರುವಾಗ, ಪೈರು ಇರುವಾಗ ಬದು ಒಡೆದರೆ ಮೇಲಿನ ಗದ್ದೆಯ ಗತಿ ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ನಾಲೆಯ ಮೇಲೆ ಯಾರಿದ್ದರು?

ನನಗೆ ಅಳು ಬಂತು. ಅದು ಸುಳ್ಳು ಅಳು ಅಲ್ಲ, ಅದೇ ಕೆಟ್ಟದ್ದು. ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಓಗ್ಲಿ ಬುಡಿ ಗೌಡ್ರೇ. ಕಣ್ ಒರೆಸ್ಕಳಿ. ನೀವೇನ್ ಬೇಕು ಅಂತ ಮಾಡಿದ್ರಾ?"

ನಾನು ಇಲ್ಲ ಎಂದು ತಲೆಯಾಡಿಸಿದೆ.

ಮಾರನೆಯ ದಿನ ಮೇಷ್ಟ್ರಿಗೆ ಯಾರೋ ಹೇಳಿದ್ದರು, ಅಳಿಸಿದ್ದನ್ನು ಅಂಗಡಿಯವರು ವಾಪಸು ತೆಗೆಯುತ್ತಾರೆ, ಬೇಗ ಕೊಟ್ಟರೆ ಸಿಗುತ್ತದೆ ಎಂದು. ಮಂಡ್ಯಕ್ಕೆ ಒಯ್ದು ತೋರಿಸಿ ಎಂದು ಕೈಮುಗಿದು ಕೇಳಿದರು. ನಾನು ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಮದ್ದೂರಿನಲ್ಲಿ ಇಳಿದು ಮಂಡ್ಯದ ಬಸ್ಸು ಹಿಡಿಯಬೇಕಿತ್ತು. ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತೆ. ಮಂಡ್ಯದ ಬಸ್ಸುಗಳು ಬಂದವು, ಕಂಡಕ್ಟರುಗಳು ಕೂಗಿದರು, ಹೋದವು. ಒಬ್ಬ ಕಂಡಕ್ಟರು ನನ್ನನ್ನು ನೋಡಿ, ಯಜಮಾನ್ರೇ, ಮಂಡ್ಯಕ್ಕಾ ಎಂದು ಕೇಳಿದ. ಅಲ್ಲ ಅಂದೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲು ಇಳಿಯುವವರೆಗೂ ಕೂತು, ಕಡಲೆಕಾಯಿ ತಿಂದು, ವಾಪಸು ಬಂದೆ. ಸಿಗುವುದಿಲ್ಲವಂತೆ ಅಂದೆ. ಆ ಪರದೆಯ ಮುಂದೆ ಒತ್ತಿದ್ದನ್ನು ಸಿಟ್ಟಿನ ಗಳಿಗೆಯ ಕೆಲಸ ಎಂದು ಬೇಕಾದರೆ ಹೇಳಿಕೊಳ್ಳಬಹುದು. ಮದ್ದೂರಿನ ಕಲ್ಲುಬೆಂಚಿಗೆ ಆ ನೆವವೂ ಇಲ್ಲ.

ಸೋಮವಾರ ಸಭೆ ನಡೆಯಿತು. ಕೇಳಿಸಲು ದನಿ ಇರಲಿಲ್ಲ. ಮೇಷ್ಟ್ರು ಎದ್ದು ಆ ಡ್ರೈವರನ ಹೆಸರು ಹೇಳಿಯೇಬಿಟ್ಟರು. ಯಾರೋ, ಅವನು ಕಿರೀಟ ಇಟ್ಟರೆ ಟ್ರಾಕ್ಟ್ರು ಓಡ್ಸೋರ್ಯಾರು ಅಂದರು. ನಗು. ಇನ್ನೊಬ್ಬರು, ರಾಜನ ಪಾತ್ರದವರು ಇನ್ನೂ ಗಟ್ಟಿಮುಟ್ಟಾಗಿ ಕೂತಿದ್ದಾರಲ್ಲ ಎಂದು ನನ್ನ ಕಡೆ ತೋರಿಸಿದರು. ನಾನು ಏನೂ ಹೇಳಬೇಕಾಗಿ ಬರಲಿಲ್ಲ. ಪಾತ್ರದ ತೆಂಗಿನಕಾಯಿ ತಾಂಬೂಲ ನನ್ನ ಕೈಗೆ ಬಂತು.

ಮತ್ತೆ ಹಾಡಿ ತುಂಬಿಸಲು ದಿನ ಉಳಿದಿರಲಿಲ್ಲ, ಆಪರೇಷನ್ ಆಯಿತು. ಮೇಷ್ಟ್ರಿಗೆ ಮಾತು ಉಳಿಯಿತು, ಗೊಗ್ಗರು ಮಾತು. ಹಾಡು ಹೋಯಿತು. ಆ ವರ್ಷ ಬರೀ ಹಾರ್ಮೋನಿಯಂ ಮನೆ ಒತ್ತಿ ತೋರಿಸಿ ಕಲಿಸಿದರು. ಹುಡುಗರು ಮೊಬೈಲಿನಲ್ಲಿ ಬೇರೆ ಊರಿನ ನಾಟಕ ಹುಡುಕಿ ಅಲ್ಲಿಂದ ಒಂದು, ಇಲ್ಲಿಂದ ಒಂದು ಮಟ್ಟು ತಂದರು. ಹೊಸದಾಗಿ ಹಾಡಿ ತುಂಬಿಸೋಣ ಎಂದು ಮೇಷ್ಟ್ರು ಡ್ರೈವರನನ್ನು ಕರೆದಾಗ ಅವನು ಬರಲಿಲ್ಲವಂತೆ. "ಒಂದು ಪೆಟ್ಟಿಗೇಲೇ ನನ್ ದನಿ ಉಳೀಲಿಲ್ಲ, ಸ್ಟೇಜ್ ಮ್ಯಾಲೆ ಉಳೀತದಾ ಬುಡು ಮಾವ," ಅಂದನಂತೆ. ಇದನ್ನು ಮೇಷ್ಟ್ರೇ ನನಗೆ ಹೇಳಿದರು, ನನ್ನ ಮನಸ್ಸಿಗೆ ಬೇಸರವಾಗದಂತೆ ತಗ್ಗಿಸಿ.

ನಾಟಕದ ದಿನ ನಾನು ಕಿರೀಟ ಇಟ್ಟುಕೊಂಡು ಮೇಷ್ಟ್ರ ಮುಂದೆ ಬಂದೆ. ಅವರು ಪೆಟ್ಟಿಗೆ ಮುಂದಕ್ಕೆ ತಳ್ಳಿದರು. ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗಿ ಹಾಡಿದೆ. ಮೇಲಿನ ಮನೆಯಲ್ಲಿ ದನಿ ಒಡೆದಾಗ ಜನ ಶಿಳ್ಳೆ ಹೊಡೆದರು. ಅದನ್ನು ಮೆಚ್ಚುಗೆ ಎಂದುಕೊಳ್ಳುವಷ್ಟು ದಡ್ಡ ನಾನಲ್ಲ. ಆ ಸಾಲಿನಲ್ಲಿ ಅಳು ಎಲ್ಲಿದೆ ಎಂದು ಗೊತ್ತಿದ್ದೂ ಅಲ್ಲಿಗೆ ಹೋಗಲಾರದೆ ನಿಂತೆ. ಆಮೇಲೆ ಪಾತ್ರ ಬಿಟ್ಟೆ. ರಾಜನ ಪಾತ್ರ ನಮ್ಮ ಬೀದಿಯ ಇನ್ನೊಬ್ಬರಿಗೆ ಹೋಯಿತು.

ನಾನು ನನ್ನ ಹಳೆಯ ವಿಡಿಯೊವನ್ನು ಪೆನ್ ಡ್ರೈವಿನಿಂದ ಮೊಬೈಲಿಗೆ ಹಾಕಿಸಿಕೊಂಡಿದ್ದೆ. ಬಂದವರಿಗೆಲ್ಲ ತೋರಿಸುವ ಚಟ. ಒಂದು ದಿನ ಹೆಂಡತಿ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ ಕೇಳಿದಳು: "ಅಲ್ಲ ಕಣಿ, ಆ ಮೇಷ್ಟ್ರುದೆಲ್ಲ ಓಯ್ತು. ನಿಮ್ದ್ ಮಾತ್ರ ಎಂಗ್ ಉಳ್ಕತು?" ನಾನು ಏನೋ ಹೇಳಿದೆ. ಅವಳು ಮತ್ತೆ ಕೇಳಲಿಲ್ಲ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆವತ್ತಿನಿಂದ ನನ್ನ ಮುಂದೆ ಆ ವಿಡಿಯೊ ಹಾಕಬೇಡಿ ಅಂದಳು, ಕಣ್ಣು ನೋಯುತ್ತದೆ ಎಂದು.

ಮೇಷ್ಟ್ರಿಗೂ ಅದನ್ನು ತೋರಿಸಿದ್ದೆ. ಹಾಲಿನ ಡೈರಿಯ ಮುಂದೆ ಎಲ್ಲರೂ ಸೇರಿದ್ದಾಗ, ನೋಡಿ ಮೇಷ್ಟ್ರೇ ಆಗ ಹೆಂಗಿದ್ದೆ ಎಂದು ನಾನೇ ಮೊಬೈಲು ಮುಂದಕ್ಕೆ ಹಿಡಿದಿದ್ದೆ. ಅವರು ಕೊನೆಯವರೆಗೂ ನೋಡಿದರು. ಇದೊಂದಾದ್ರೂ ಉಳ್ಕತಲ್ಲ ಬುಡಿ ಅಂದು, ಹಾಲಿನ ಕ್ಯಾನು ಎತ್ತಿಕೊಂಡು ಹೊರಟರು. ಆವತ್ತು ನನಗೆ ಏನೂ ಹೊಳೆಯಲಿಲ್ಲ. ಅಂಥ ಮರೆವು ಮನುಷ್ಯನಿಗೆ ಹೇಗೆ ಬರುತ್ತದೋ.

ಮೇಷ್ಟ್ರು ಹಾಸಿಗೆ ಹಿಡಿದರು ಎಂದು ಕೇಳಿದ ಮೇಲೆ ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಹುಟ್ಟಿದ ಊರಿನಲ್ಲಿ ಆ ಕೇರಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಅವರ ಮನೆಯವರು ಸ್ಟೀಲ್ ಲೋಟದಲ್ಲಿ ನೀರು ಕೊಟ್ಟರು. ಕುಡಿದೆ. ಮೇಷ್ಟ್ರು ಗೋಡೆಗೆ ಒರಗಿ ಕಂಬಳಿ ಹೊದ್ದು ಕೂತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಪೆನ್ ಡ್ರೈವು, ಪರದೆಯ ಚೌಕ, ಮದ್ದೂರಿನ ಬಸ್ ಸ್ಟ್ಯಾಂಡು. ಮುಗಿದ ಮೇಲೆ, ಡೈರಿಯ ಮುಂದೆ ವಿಡಿಯೊ ನೋಡಿದ ದಿನವೇ ಗೊತ್ತಾಯಿತು ಅಂದರು. ನಾನು ಬಗ್ಗಿ ಕಾಲಿಗೆ ಕೈ ಚಾಚಿದೆ. ಅವರು ಎರಡೂ ಪಾದವನ್ನು ಕಂಬಳಿಯೊಳಗೆ ಎಳೆದುಕೊಂಡರು.

"ಬ್ಯಾಡಿ ಗೌಡ್ರೇ. ಆರ್ಮೋನಿ ಅಲ್ಲಿ ಅದೆ ನೋಡಿ. ಅದ್ನೇ ಮುಟ್ಟಿ."

ಮೂಲೆಯಲ್ಲಿ ಬಟ್ಟೆ ಮುಚ್ಚಿ ಪೆಟ್ಟಿಗೆ ಇಟ್ಟಿತ್ತು. ನಾನು ಬಗ್ಗಿದವನು ಬಗ್ಗಿದ ಹಾಗೇ ಇದ್ದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಆಮೇಲೆ ಅವರೇ ಅಂದರು.

"ನನ್ನ ಕೇಳ್ಬ್ಯಾಡಿ. ನಾನು ಪದ ಆಡ್ಬೇಕಾದಷ್ಟು ಆಡಿವ್ನಿ, ಜನ ಕೇಳವ್ರೆ. ಅವನು ಒಂದೇ ಸತಿ ಆಡಿದ್ದು. ಅವನ್ನ ಕೇಳಿ."

ಅವರನ್ನು ಮಣ್ಣು ಮಾಡಿದ ದಿನ ಡ್ರೈವರನೂ ಹೆಗಲು ಕೊಟ್ಟಿದ್ದ. ನಾನು ದೂರದಲ್ಲಿ ನಿಂತಿದ್ದೆ. ಯಾರೋ ಮೊಬೈಲಿನಲ್ಲಿ ಭಜನೆ ಹಾಕಿದ್ದರು. ಅವನು ಹಾಡಬಹುದೇನೋ ಎಂದು ಕಾದೆ. ಹಾಡಲಿಲ್ಲ.

ಕಬ್ಬಿನ ಕಾಲದಲ್ಲಿ ಅವನ ಟ್ರಾಕ್ಟರು ನಮ್ಮ ಮನೆಯ ಮುಂದೆಯೇ ಭಾರತೀನಗರದ ಕಡೆಗೆ ಹೋಗುತ್ತದೆ. ಕಬ್ಬಿನ ಹೊರೆಯ ಮುಂದೆ ಎರಡು ದೊಡ್ಡ ಸ್ಪೀಕರು ಕಟ್ಟಿ ಸಿನಿಮಾ ಹಾಡು ಹಾಕಿಕೊಂಡಿರುತ್ತಾನೆ. ಮಟ್ಟಿನ ಪದ್ಯ ಒಂದು ದಿನವೂ ಆ ಟ್ರಾಕ್ಟರಿನಿಂದ ಕೇಳಿಲ್ಲ. ಹೋದ ಸುಗ್ಗಿಯಲ್ಲಿ ಒಂದು ದಿನ ಗಟ್ಟಿ ಮನಸ್ಸು ಮಾಡಿ ರಸ್ತೆಗೆ ಇಳಿದು ಕೈ ಅಡ್ಡ ಹಿಡಿದೆ. ಟ್ರಾಕ್ಟರು ನಿಂತಿತು. ಅವನು ಸ್ಪೀಕರಿನ ಸದ್ದು ಕಡಿಮೆ ಮಾಡಿ ಮೇಲಿನಿಂದ ಬಗ್ಗಿ ನೋಡಿದ.

"ಏನ್ ಗೌಡ್ರೇ, ನಿಮ್ ಕಬ್ಬು ಕಡಿಯಕ್ಕೆ ಆಳು ಬಂದಿಲ್ವಾ ಇನ್ನೂವೆ?"

ಅವನ ಮುಖದಲ್ಲಿ ಏನೂ ಇರಲಿಲ್ಲ. ಅವನಿಗೆ ಗೊತ್ತೇ ಇಲ್ಲವೋ, ಗೊತ್ತಿದ್ದೂ ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದನೋ. ಹಿಂದೆ ಇನ್ನೊಂದು ಟ್ರಾಕ್ಟರು ಹಾರ್ನ್ ಹೊಡೆಯಿತು.

"ಅದ್ನೇ ಕೇಳಾಣ ಅಂತ ನಿಲ್ಸ್ದೆ ಕಣಪ್ಪ," ಅಂದೆ.

ನಾಳಿದ್ದು ನಿಮ್ಮ ಸರದಿ ಬರಬಹುದು ಎಂದು ಹೇಳಿ ಅವನು ಗೇರು ಹಾಕಿಕೊಂಡು ಹೋದ. ಕಬ್ಬಿನ ಸಿಪ್ಪೆ ರಸ್ತೆಯ ಮೇಲೆ ಹಾರಾಡಿತು.

ಲ್ಯಾಪ್‌ಟಾಪು ಈಗಲೂ ಅಟ್ಟದ ಮೇಲಿದೆ. ಹಾಕಿದರೆ ಓಡುತ್ತದೆ, ಒಂದೇ ಭಾಗ, ನಡುವೆ ಬದು ಇಲ್ಲ. ಮೇಷ್ಟ್ರ ಹತ್ತಿರ ತಪ್ಪು ಒಪ್ಪಿಕೊಂಡೆ, ಅದಕ್ಕೆ ತಕ್ಕ ಉತ್ತರವೂ ಸಿಕ್ಕಿತು. ಹೆಂಡತಿಗೆ ಹೇಳದಿದ್ದರೂ ಅವಳಿಗೆ ಗೊತ್ತು. ನಾನು ಇದುವರೆಗೂ ಕ್ಷಮೆ ಕೇಳದೆ ಉಳಿಸಿಕೊಂಡಿರುವುದು ಒಬ್ಬನನ್ನು. ಕೆಳಗಿನ ಕೇರಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಮನೆಯಲ್ಲಿ ಇರುವವನು, ಕಬ್ಬಿನ ಟ್ರಾಕ್ಟರು ಓಡಿಸುವವನು, ನಮ್ಮೂರ ನಾಟಕದ ರಾಜ.